ಅಜ್ಜಾರ ಮೂರು ಟ್ರಂಕು: ನಕ್ಷೆ ಒಂದು ಕಡೆ, ಕಾಗದ ಒಂದು ಕಡೆ ಹೋಗದಿರಲಿ

ಪ್ರಶ್ನೆ: ನಮ್ಮ ಅಜ್ಜಾರು ಧಾರವಾಡದಲ್ಲಿ ವಕೀಲರಾಗಿದ್ದರು. ಹಳೆಯ ನಕ್ಷೆ ಕೂಡಿಸುವ ಹುಚ್ಚು ಅವರಿಗಿತ್ತು. ಅವರು ತೀರಿಕೊಂಡ ಮೇಲೆ ಮೂರು ಟ್ರಂಕು ಅಟ್ಟದ ಮೇಲೆಯೇ ಉಳಿದವು. ಮನೆ ಮಾರುವ ಮಾತು ಬಂದದ್ದರಿಂದ ಈಗ ಕೆಳಗಿಳಿಸಿದ್ದೇವೆ. ಬಟ್ಟೆಗೆ ಅಂಟಿಸಿ ಮಡಚಿದ ನಕ್ಷೆಗಳು, ‘ಹಿಂದೂಸ್ತಾನ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿ ಗಡಿಗಳಿಗೆ ಬಣ್ಣ ಹಚ್ಚಿದ ಒಂದು ದೊಡ್ಡ ಹಾಳೆ, ಮೂಲೆಯಲ್ಲಿ ‘48 ಎಂ/3’ ಎಂದಿರುವ ಇನ್ನೊಂದು, ನೀಲಿ ಕಾಗದದ ಮೇಲೆ ಬಿಳಿ ಗೆರೆಯ ಕೆಲವು. ಜೊತೆಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು: ಏಕೀಕರಣ ಸಭೆಗಳ ಕರಪತ್ರ, ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಿಸಿದ್ದ ಫಜಲ್ ಅಲಿ ಆಯೋಗಕ್ಕೆ ಕೊಟ್ಟ ಮನವಿಯ ಪ್ರತಿ, 1942ರ ಚಲೇಜಾವ್ ಚಳವಳಿಯ ಸೈಕ್ಲೋಸ್ಟೈಲ್ ಹಾಳೆಗಳು (ಕೈಯಂತ್ರದಲ್ಲಿ ತೆಗೆದ ನಕಲುಗಳು), ಪತ್ರಗಳು, ನಮಗೆ ಓದಲು ಬಾರದ ಮೋಡಿ ಲಿಪಿಯ ಕಾಗದಗಳು. ನಕ್ಷೆ ಮಾರಿ, ಕಾಗದಗಳನ್ನು ಯಾವುದಾದರೂ ವಾಚನಾಲಯಕ್ಕೆ ಕೊಡೋಣ ಅನ್ನುತ್ತಾರೆ ಕಾಕಾ. ಅಮೆರಿಕದಲ್ಲಿರುವ ತಮ್ಮ ಎರಡು ನಕ್ಷೆ ಒಯ್ಯುತ್ತೇನೆ ಅನ್ನುತ್ತಾನೆ. ಎಲ್ಲಾ ಸ್ಕ್ಯಾನ್ ಮಾಡಿದರೆ ಸಾಕಲ್ಲ ಅನ್ನುತ್ತಾನೆ ಮಗ. ನನಗೆ ದಾನ ಕೊಡುವ ಮನಸ್ಸು. ಯಾರಿಗೆ, ಹೇಗೆ ಕೊಡಬೇಕು?
ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಹೇಳಬೇಕೆನಿಸಿದ್ದು ಒಂದೇ ಮಾತು. ಮೂರು ಟ್ರಂಕನ್ನೂ ಒಟ್ಟಿಗೇ ಇಡಿ. ಮಾರುವುದು, ಕೊಡುವುದು, ಹಂಚಿಕೊಳ್ಳುವುದು ಎಲ್ಲ ಆಮೇಲಿನ ಮಾತು. ಕಾಕಾ ಅವರ ಸಲಹೆ ಸದುದ್ದೇಶದ್ದೇ ಇರಬಹುದು. ಆದರೆ ನಕ್ಷೆಯನ್ನೂ ಕಾಗದವನ್ನೂ ಬೇರೆ ಮಾಡಿದ ದಿನ ನಿಮ್ಮ ಅಜ್ಜಾರ ಸಂಗ್ರಹ ಅರ್ಧ ಮೂಕವಾಗುತ್ತದೆ. ದಾಖಲೆಗಳ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. ನೀಲಿ ಕಾಗದದ ಮೇಲೆ ಬಿಳಿ ಗೆರೆ ಎಂದು ಬರೆದಿದ್ದೀರಿ. ಅವು ಬ್ಲೂಪ್ರಿಂಟುಗಳು. ಟ್ರೇಸಿಂಗ್ ಹಾಳೆಯ ಮೇಲೆ ಗೆರೆ ಎಳೆದು, ಔಷಧ ಸವರಿದ ಕಾಗದದ ಮೇಲೆ ಅದನ್ನಿಟ್ಟು, ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದು ತೆಗೆಯುತ್ತಿದ್ದ ಪ್ರತಿಗಳು. ಅದೇ ಗಂಟಿನಲ್ಲೋ ಪಕ್ಕದ ಗಂಟಿನಲ್ಲೋ ಫಜಲ್ ಅಲಿ ಆಯೋಗಕ್ಕೆ ಕೊಟ್ಟ ಮನವಿ ಇದೆ. ಆ ನೀಲಿ ಹಾಳೆಗಳಲ್ಲಿ ಒಂದಾದರೂ ಆ ಮನವಿಯ ಜೊತೆ ಲಗತ್ತಿಸಲು ಮಾಡಿಸಿದ್ದಿರಬಹುದು ಎಂಬುದು ನನ್ನ ಊಹೆ. ನೋಡಿದರೆ ತಿಳಿಯುತ್ತದೆ. ಮನವಿಯಲ್ಲಿ ‘ಜೋಡಿಸಿದ ನಕ್ಷೆ ನೋಡಿರಿ’ ಎಂಬ ಮಾತಿದ್ದರೆ, ನಕ್ಷೆಯ ಮೂಲೆಯಲ್ಲಿ ಅದಕ್ಕೆ ತಾಳೆಯಾಗುವ ಅಂಕಿ ಇದ್ದರೆ, ಎರಡೂ ಒಂದೇ ದಾಖಲೆ. ನಕ್ಷೆಯೊಂದನ್ನೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅದು ಯಾವ ತಾಲ್ಲೂಕಿಗಾಗಿ ಯಾರು ಹೂಡಿದ ವಾದ ಎಂಬುದು ತಿಳಿಯದು. ಮನವಿಯೊಂದನ್ನೇ ಓದಿದರೆ ಬರೆದವರು ಕೈಯಿಟ್ಟು ತೋರಿಸುತ್ತಿದ್ದ ನೆಲ ಕಾಣದು.

ಆ ಆಯೋಗ ನೇಮಕವಾದದ್ದು 1953ರ ಡಿಸೆಂಬರಿನಲ್ಲಿ. ನ್ಯಾಯಮೂರ್ತಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಮೂವರು ಸದಸ್ಯರು. 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸುವ ಹೊತ್ತಿಗೆ ಅವರಿಗೆ ಬಂದಿದ್ದ ಮನವಿ, ಪತ್ರ, ಠರಾವುಗಳ ಲೆಕ್ಕ 1,52,250. ಅವುಗಳಲ್ಲಿ ಚೆನ್ನಾಗಿ ಯೋಚಿಸಿ ಬರೆದವು ಸುಮಾರು 2,000 ಎಂದು ಆಯೋಗವೇ ಎಣಿಸಿತು. ಆಗ ಕನ್ನಡ ಮಾತಾಡುವ ನೆಲ ಹೇಗೆ ಚದುರಿತ್ತು ನೆನೆಸಿಕೊಳ್ಳಿ. ಮುಂಬಯಿ ರಾಜ್ಯದಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ, ಹೈದರಾಬಾದಿನಲ್ಲಿ ಗುಲಬರ್ಗಾ, ರಾಯಚೂರು, ಬೀದರ, ಮದರಾಸಿನಲ್ಲಿ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಬೇರೆಯಾಗಿ ಕೊಡಗು, ನಡುವೆ ಮೈಸೂರು. ಬಳ್ಳಾರಿ ಆಗಷ್ಟೇ, 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಮೈಸೂರಿಗೆ ಸೇರಿತ್ತು. ಅಂಥ ಹೊತ್ತಿನಲ್ಲಿ ಧಾರವಾಡದ ಒಬ್ಬ ವಕೀಲರು ನಕ್ಷೆ ಕೂಡಿಸುತ್ತಿದ್ದರು ಎಂದರೆ ಅದನ್ನು ಹುಚ್ಚು ಎಂದು ಕರೆಯಲು ನನಗೆ ಮನಸ್ಸಿಲ್ಲ. ವಕೀಲರಿಗೆ ಸಾಕ್ಷಿಯ ಬೆಲೆ ಗೊತ್ತಿರುತ್ತದೆ. ಆಯೋಗದ ಕೈ ಸೇರಿದ ಪ್ರತಿ ದೆಹಲಿಯ ಕಡತ ಸೇರಿತು. ಊರಿನವರು ಇಟ್ಟುಕೊಂಡ ಪ್ರತಿ, ಅದರ ಅಂಚಿನ ತಿದ್ದುಪಡಿ, ಸಹಿ ಹಾಕಲು ಒಪ್ಪದವರ ಕುರಿತ ಒಂದು ಚೀಟಿ, ಇವೆಲ್ಲ ನಿಮ್ಮ ಟ್ರಂಕಿನಲ್ಲಿ ಮಾತ್ರ ಸಿಗುವಂಥವು.

ನಕ್ಷೆಗೂ ರಾಜಕಾರಣಕ್ಕೂ ಇರುವ ನಂಟು ನಮ್ಮಲ್ಲಿ ಅದಕ್ಕಿಂತಲೂ ಹಳೆಯದು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಾಗ ಕರ್ನಾಟಕವೂ ಒಂದು ಪ್ರಾಂತವಾಯಿತು. ಸರ್ಕಾರದ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ಲೆಕ್ಕದಲ್ಲಿ, 1956ರ ನವೆಂಬರ್ 1ಕ್ಕಿಂತ 36 ವರ್ಷ ಮೊದಲೇ, ಇತ್ತು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಹೊತ್ತಿಗೆ ಮೊದಲ ಏಕೀಕರಣ ಪರಿಷತ್ತು ಅಲ್ಲೇ ಸೇರಿತು. ನಿಮ್ಮ ಕರಪತ್ರಗಳಲ್ಲಿ ಆ ಕಾಲದ್ದೊಂದು ಇದ್ದು, ಅದರಲ್ಲಿ ಚಿಕ್ಕದಾಗಿಯಾದರೂ ನಾಡಿನ ಆಕಾರ ಬರೆದಿದ್ದರೆ, ನಿಮ್ಮ ‘ಹಿಂದೂಸ್ತಾನ್’ ಹಾಳೆಗಿಂತ ಅದನ್ನೇ ನಾನು ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಆ ದೊಡ್ಡ ಹಾಳೆಯ ಬಗ್ಗೆ ಎಲ್ಲರಿಗೂ ಆಸೆ ಹುಟ್ಟುವುದು ಸಹಜ. ಜೇಮ್ಸ್ ರೆನೆಲ್ 1782ರಲ್ಲಿ ಪ್ರಕಟಿಸಿದ ಹಿಂದೂಸ್ತಾನದ ನಕ್ಷೆಯ ಹೆಸರು ನಿಮ್ಮ ತಮ್ಮ ಕೇಳಿರಬಹುದು. ಅದರ ಮೂಲೆಯ ಚಿತ್ರದಲ್ಲಿ ಬ್ರಿಟನ್ನಿನ ರೂಪಕವಾದ ಬ್ರಿಟಾನಿಯಾ ದೇವಿ ಪಂಡಿತರ ಕೈಯಿಂದ ಶಾಸ್ತ್ರಗ್ರಂಥ ಸ್ವೀಕರಿಸುತ್ತಿದ್ದಾಳೆ. ನಕ್ಷೆಯೇ ರಾಜಕೀಯ ದಾಖಲೆ ಎನ್ನಲು ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ‘ಹಿಂದೂಸ್ತಾನ್’ ಎಂಬ ಹೆಸರಿನ ನಕ್ಷೆಗಳು ಆಮೇಲೆ ನೂರು ವರ್ಷ ಅಚ್ಚಾಗುತ್ತಲೇ ಇದ್ದವು. ಮೊದಲು ರೈಲು ಹಳಿ ಹುಡುಕಿ. ಮುಂಬಯಿ-ಠಾಣೆ ಹಳಿ ಇದ್ದರೆ ಅದು 1853ರ ನಂತರದ್ದು. ನಿಮ್ಮ ಹುಬ್ಬಳ್ಳಿ-ಧಾರವಾಡದ ಹಳಿಯೂ ಇದ್ದರೆ 1880ರ ದಶಕದಿಂದ ಈಚಿನದು. ಆಮೇಲೆ ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ಅಂಚಿನ ಸುತ್ತ ಬೆರಳಾಡಿಸಿ. ತಾಮ್ರದ ತಗಡಿನಿಂದ ಒತ್ತಿದ ನಕ್ಷೆಯಲ್ಲಿ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಉಳಿದಿರುತ್ತದೆ. ಕಲ್ಲಚ್ಚಿನಲ್ಲಿ ಆ ತಗ್ಗು ಇರದು. ಬೆಲೆಯ ವಿಷಯ ನಾನು ಇಲ್ಲಿಂದ ಹೇಳಲಾರೆ, ಹೇಳಲೂಬಾರದು.

‘48 ಎಂ/3’ ಎಂಬುದರ ಗುಟ್ಟು ಮಾತ್ರ ಈಗಲೇ ಬಿಡಿಸಬಹುದು. ಭಾರತೀಯ ಸರ್ವೇಕ್ಷಣ ಇಲಾಖೆ ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಮಾಡಿ ಅಂಕಿ ಕೊಟ್ಟಿತು. ಒಂದೊಂದು ಚೌಕದೊಳಗೆ ‘ಎ’ಯಿಂದ ‘ಪಿ’ವರೆಗೆ 16 ಭಾಗ, ಒಂದೊಂದು ಭಾಗದಲ್ಲಿ ಮತ್ತೆ 16 ಹಾಳೆ. ನಲವತ್ತೆಂಟನೆಯ ಚೌಕದ ‘ಎಂ’ ಭಾಗದ ಮೂರನೆಯ ಹಾಳೆಯಲ್ಲಿ ಹುಬ್ಬಳ್ಳಿ ಬರುತ್ತದೆ. ಅಂದರೆ ಅಜ್ಜಾರು ತಮ್ಮ ಕಾಲಡಿಯ ನೆಲದ ಹಾಳೆಯನ್ನೇ ಇಟ್ಟುಕೊಂಡಿದ್ದರು. ಕೆಳಗಿನ ಅಂಚಿನಲ್ಲಿ ಮೋಜಣಿ (ಸರ್ವೆ) ನಡೆದ ವರ್ಷ, ಅಚ್ಚಿನ ವರ್ಷ ಇರುತ್ತವೆ, ಬರೆದಿಟ್ಟುಕೊಳ್ಳಿ. ನಕ್ಷೆಯ ಮೇಲೆ ಸೀಸದಕಡ್ಡಿಯ ಗುರುತು, ಸುತ್ತು ಹಾಕಿದ ಹಳ್ಳಿ, ಅಂಚಿನಲ್ಲಿ ಯಾವುದೋ ದಾವೆಯ ನಂಬರು ಕಂಡರೆ ದಯವಿಟ್ಟು ಅಳಿಸಬೇಡಿ. ಮಾರುವವರು ಅದನ್ನು ಕೊಳೆ ಅನ್ನುತ್ತಾರೆ. ಅದೇ ಅಚ್ಚಿನ ಹಾಳೆ ಬೇರೆ ಕಡೆಯೂ ಇದ್ದೀತು. ಅಜ್ಜಾರ ಕೈಗುರುತು ಇರುವುದು ಇದೊಂದರಲ್ಲೇ.

ಒಡೆದ ಸಂಗ್ರಹದ ಗತಿ ಏನಾಗುತ್ತದೆ ಎಂದು ತಿಳಿಯಲು ನಾವು ಹೊರನಾಡಿಗೆ ಹೋಗಬೇಕಾಗಿಲ್ಲ. ಕಾಲಿನ್ ಮೆಕೆಂಜಿಯ ಕಥೆ ನಮ್ಮ ನೆಲದ್ದೇ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಿಂದ 1783ರಲ್ಲಿ ಮದರಾಸಿಗೆ ಬಂದಿಳಿದ ಈ ಎಂಜಿನಿಯರ್ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಅವನ ಪಾಲಿಗೆ ಬಂತು. ನೆಲ ಅಳೆಯುತ್ತಲೇ ಊರೂರಿನ ಕೈಫಿಯತ್ತು (ಊರಿನವರಿಂದ ಬರೆಸಿಕೊಂಡ ಸ್ಥಳೀಯ ವೃತ್ತಾಂತ), ಶಾಸನದ ಪ್ರತಿ, ಓಲೆಗರಿ, ನಾಣ್ಯ, ಚಿತ್ರ ಎಲ್ಲ ಕೂಡಿಸಿದ. ಅವನು ಒಬ್ಬನೇ ಕೂಡಿಸಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇವರೆಲ್ಲ ಊರೂರು ತಿರುಗಿ, ಶಾನುಭೋಗರನ್ನೂ ಮಠದವರನ್ನೂ ಮಾತಾಡಿಸಿ, ಓದಿ, ನಕಲು ಮಾಡಿದರು. 1816ರಲ್ಲಿ ಥಾಮಸ್ ಹಿಕಿ ಬರೆದ ಒಂದು ವರ್ಣಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯ ಪಕ್ಕ ಧರ್ಮಯ್ಯ ಓಲೆಗರಿ ಹಿಡಿದು ನಿಂತಿದ್ದಾನೆ, ಲಕ್ಷ್ಮಯ್ಯನಿದ್ದಾನೆ, ದುರ್ಬೀನು ಹಿಡಿದ ಸೇವಕನಿದ್ದಾನೆ, ಹಿಂದೆ ದೂರದಲ್ಲಿ ಗೊಮ್ಮಟ. ಆ ಚಿತ್ರದಲ್ಲಿ ನಕ್ಷೆಯವರೂ ಓಲೆಯವರೂ ಒಂದೇ ಚೌಕಟ್ಟಿನೊಳಗಿದ್ದಾರೆ.

1821ರ ಮೇ 8ರಂದು ಮೆಕೆಂಜಿ ತೀರಿಕೊಂಡ. ಅವನ ಹೆಂಡತಿಯಿಂದ ಕಂಪನಿ ಸರ್ಕಾರ ಇಡೀ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಎಚ್.ಎಚ್. ವಿಲ್ಸನ್ ಪಟ್ಟಿ ಮಾಡಿದಾಗ ಶಾಸನದ ಪ್ರತಿಗಳು 8,076, ಸ್ಥಳೀಯ ವೃತ್ತಾಂತಗಳು 2,070, ಚಿತ್ರಗಳು 2,630, ನಕ್ಷೆಗಳು 79, ನಾಣ್ಯಗಳು 6,218 ಎಂದು ಲೆಕ್ಕ ಸಿಕ್ಕಿತು. ಆಮೇಲೆ ಶುರುವಾದದ್ದು ಹಂಚಿಕೆ. ನಕ್ಷೆ, ಚಿತ್ರ, ಅನುವಾದಗಳಲ್ಲಿ ಬಹುಪಾಲು ಲಂಡನ್ ಸೇರಿದವು. ದಕ್ಷಿಣದ ಭಾಷೆಗಳ ಬರಹಗಳು ಮದರಾಸಿಗೆ ಬಂದವು. ಇಂದು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಇನ್ನಷ್ಟು ಕಲ್ಕತ್ತೆಯಲ್ಲಿ ಉಳಿಯಿತು. ಒಂದು ಹಳ್ಳಿಯ ಕೈಫಿಯತ್ತು ಚೆನ್ನೈನಲ್ಲಿ, ಅದೇ ಹಳ್ಳಿಯನ್ನು ತೋರಿಸುವ ಮೋಜಣಿ ಹಾಳೆ ಲಂಡನ್ನಿನಲ್ಲಿ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ್ದರಿಂದ ನಮ್ಮ ಕಡೆಯ ಓದುಗರಿಗೆ ಪಠ್ಯವಾದರೂ ಸಿಕ್ಕಿತು. ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದುವ ಭಾಗ್ಯ ಇಂದಿಗೂ ಸುಲಭವಲ್ಲ.

ಇದಕ್ಕಿಂತ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ಲಕ್ಷ್ಮಯ್ಯ ಮೆಕೆಂಜಿಯ ಕೆಲಸವನ್ನು ತಾನೇ ಮುಂದುವರಿಸುತ್ತೇನೆ ಎಂದು 1830ರ ದಶಕದಲ್ಲಿ ಕೇಳಿಕೊಂಡ. ಯಾವ ಗಂಟು ಯಾವ ಊರಿನದು, ಯಾರು ಕೊಟ್ಟದ್ದು, ಯಾರು ನಕಲು ಮಾಡಿದ್ದು ಎಂಬುದು ಅವನಷ್ಟು ಬಲ್ಲವರು ಆಗ ಬದುಕಿರಲಿಲ್ಲ. ಏಷಿಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್ ಅವನಿಗೆ, ಮಾತ್ರವಲ್ಲ ಈ ನೆಲದ ಯಾರಿಗೂ, ಅಂಥ ಕೆಲಸದ ಯೋಗ್ಯತೆ ಇಲ್ಲವೆಂದು ತಳ್ಳಿಹಾಕಿದ. ಕಾಗದ ಉಳಿಯಿತು, ಕಾಗದ ಬಲ್ಲವನ ತಿಳಿವಳಿಕೆ ಅವನ ಜೊತೆಗೇ ಹೋಯಿತು. ನಿಮ್ಮ ಮನೆಯಲ್ಲಿ ಲಕ್ಷ್ಮಯ್ಯ ಯಾರು? ಕಾಕಾ ಇರಬಹುದು. ಅಜ್ಜಾರ ಹತ್ತಿರ ಕಾರಕೂನರಾಗಿದ್ದವರು ಯಾರಾದರೂ ಇನ್ನೂ ಇದ್ದಾರೆಯೇ? ಅವರನ್ನು ಕೂಡಿಸಿಕೊಂಡು, ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳುತ್ತ, ಒಂದೊಂದು ಗಂಟನ್ನು ಮುಂದಿಟ್ಟು ಕೇಳಿ. ಇದನ್ನು ಎಲ್ಲಿಂದ ತಂದರು, ಯಾರು ಕೊಟ್ಟರು, ಯಾವ ಸಭೆಗೆ ಹೋಗಿದ್ದರು. ಕಾಕಾ ಅವರಿಗೆ ನಕ್ಷೆ ಮಾರುವ ವಿಚಾರ ಬಂದದ್ದು ಈ ಪ್ರಶ್ನೆಗಳನ್ನು ಅವರಿಗೆ ಯಾರೂ ಕೇಳದೇ ಇದ್ದುದರಿಂದಲೂ ಇರಬಹುದು.

ಕೊಟ್ಟವರ ಹೆಸರು, ತಂದ ದಾರಿ ದಾಖಲಾಗದೆ ಹೋದರೆ ಎಂಥ ದೊಡ್ಡ ದಾನವೂ ಅನಾಥವಾಗುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಲೋಕಕ್ಕೆಲ್ಲ ಗೊತ್ತು. ಅದನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ಉಳಿದಿದೆ. ಆ ಓಲೆಗಳು ಯಾರ ಮನೆಯವು, ಜೊತೆಗೆ ಇನ್ನಾವ ಕಟ್ಟುಗಳಿದ್ದವು ಎಂದು ಕೇಳಲು ಈಗ ದಾರಿಯಿಲ್ಲ.

ಹಾಗಾದರೆ ಚೆನ್ನಾಗಿ ಕೊಟ್ಟವರು ಇಲ್ಲವೇ? ಇದ್ದಾರೆ. ಇಂಗ್ಲೆಂಡಿನ ರಿಚರ್ಡ್ ಗಾಫ್ ತನ್ನ ದೇಶದ ನಕ್ಷೆ, ಚಿತ್ರ, ಕರಪತ್ರ, ಹಸ್ತಪ್ರತಿಗಳನ್ನು ಜೀವಮಾನವೆಲ್ಲ ಕೂಡಿಸಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ ಮರಣಶಾಸನ ಬರೆದಿಟ್ಟ. ಎಲ್ಲವೂ ಒಂದೇ ಕೋಣೆಯಲ್ಲಿ, ಒಂದೇ ಒಡಲಾಗಿ ಇರಬೇಕು ಎಂಬುದು ಅವನು ಬರೆಸಿದ ಇಚ್ಛೆ. 1809ರಲ್ಲಿ ಅವನು ಸತ್ತ ಮೇಲೆ ಅವು ಅಲ್ಲಿಗೆ ಸೇರಿದವು. ಅವುಗಳೊಳಗೆ 1774ರಲ್ಲಿ ಒಂದು ಹರಾಜಿನಲ್ಲಿ ಬರೀ ಅರ್ಧ ಕ್ರೌನಿಗೆ ಕೊಂಡ ಚರ್ಮದ ನಕ್ಷೆಯೊಂದಿತ್ತು. ಬ್ರಿಟನ್ನಿನ ಮಧ್ಯಯುಗದ ಆ ನಕ್ಷೆ ಇಂದು ಅವನ ಹೆಸರಿನಿಂದಲೇ ಪ್ರಸಿದ್ಧ. ನಮ್ಮ ಕಾಲದಲ್ಲಿ ಅಮೆರಿಕದ ಡೇವಿಡ್ ರಮ್ಸಿ 1,50,000ಕ್ಕೂ ಮಿಕ್ಕಿದ ನಕ್ಷೆಗಳ ಸಂಗ್ರಹವನ್ನು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 2016ರಲ್ಲಿ ಅಲ್ಲಿ ಅದಕ್ಕೆಂದೇ ಒಂದು ಕೇಂದ್ರ ತೆರೆಯಿತು. ವಕೀಲರಾಗಿದ್ದ ಪಿ.ಜೆ. ಮೋಡ್ ಎಂಬವರು ಜನರ ಮನಸ್ಸು ತಿರುಗಿಸಲೆಂದೇ ಮಾಡಿದ ಪ್ರಚಾರ ನಕ್ಷೆಗಳನ್ನಷ್ಟೇ ಕೂಡಿಸಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ನಿಮ್ಮ ಅಜ್ಜಾರಿಗೂ ಇವರಿಗೂ ದುಡ್ಡಿನಲ್ಲಿ ಅಜಗಜಾಂತರ ಇದ್ದೀತು, ಕೂಡಿಸುವ ಬುದ್ಧಿಯಲ್ಲಿ ಅಷ್ಟು ದೂರವಿಲ್ಲ.

ಇನ್ನು ನೀವು ಮಾಡಬೇಕಾದ ಕೆಲಸ. ಮೊದಲು ಯಾದಿ. ಟ್ರಂಕುಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಡಿ. ಮುಚ್ಚಳ ತೆರೆದ ಕೂಡಲೇ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದೊಂದು ಪದರ ಎತ್ತಿದಾಗಲೂ ಒಂದು ಫೋಟೋ. ಯಾವ ಗಂಟಿನ ಮೇಲೆ ಯಾವುದು, ಯಾವ ನಕ್ಷೆಯ ಮಡಿಕೆಯೊಳಗೆ ಯಾವ ಕಾಗದ ಎಂಬುದು ಅಜ್ಜಾರು ಇಟ್ಟ ಕ್ರಮ. ವರ್ಷವಾರು, ಭಾಷಾವಾರು ಜೋಡಿಸಿ ಚಂದ ಮಾಡಲು ಹೋಗಬೇಡಿ. ಒಮ್ಮೆ ಒಂದು ಸಂಸ್ಥೆಯಲ್ಲಿ ಹೀಗೇ ಉತ್ಸಾಹದಿಂದ ಒಬ್ಬರು ಮನೆತನದ ಕಾಗದಗಳನ್ನೆಲ್ಲ ಅಳತೆಯ ಪ್ರಕಾರ ವಿಂಗಡಿಸಿಬಿಟ್ಟಿದ್ದರು. ದೊಡ್ಡವು ದೊಡ್ಡದರ ಜೊತೆ, ಸಣ್ಣವು ಸಣ್ಣದರ ಜೊತೆ. ಪತ್ರಗಳಿಂದ ಅವುಗಳ ಲಗತ್ತುಗಳನ್ನು ಹುಡುಕಿ ಮತ್ತೆ ಕೂಡಿಸಲು ನಾನು ಒಂದು ಬೇಸಿಗೆಯನ್ನೇ ಕಳೆದೆ, ಅರ್ಧದಷ್ಟೂ ಕೂಡಲಿಲ್ಲ. ಅಂಕಿ ಬರೆಯುವುದಿದ್ದರೆ ಮೆತ್ತನೆಯ ಸೀಸದಕಡ್ಡಿಯಲ್ಲಿ, ಹಿಂಬದಿಯ ಮೂಲೆಯಲ್ಲಿ, ಸಣ್ಣದಾಗಿ. ಬಾಲ್‌ಪೆನ್ನು, ರಬ್ಬರ್ ಮೊಹರು, ಅಂಟುಚೀಟಿ ಬೇಡ.

ಕಾಗದದ ಆರೈಕೆಯಲ್ಲಿ ನೀವು ಮಾಡಬಾರದ್ದೇ ಹೆಚ್ಚು. ಲ್ಯಾಮಿನೇಷನ್ ಬೇಡ, ಯಾರು ಎಷ್ಟು ಕಡಿಮೆ ದುಡ್ಡಿಗೆ ಮಾಡಿಕೊಡುತ್ತೇನೆ ಅಂದರೂ ಬೇಡ. ಒಮ್ಮೆ ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣವಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಧಾರವಾಡದ ಮಳೆಗಾಲದಲ್ಲಿ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ಬಟ್ಟೆಗೆ ಅಂಟಿಸಿದ ನಕ್ಷೆಗಳನ್ನು ಒತ್ತಿ ಬಿಡಿಸಬೇಡಿ. ಮೊದಲೇ ಪಟ್ಟಿಪಟ್ಟಿಯಾಗಿ ಕತ್ತರಿಸಿ ನಡುವೆ ಸಂದು ಬಿಟ್ಟು ಬಟ್ಟೆಗೆ ಅಂಟಿಸಿದ್ದಾದರೆ ಮಡಚಲೆಂದೇ ಹಾಗೆ ಮಾಡಿದ್ದು, ಧಾರಾಳವಾಗಿ ತೆರೆಯಬಹುದು. ಇಡೀ ಹಾಳೆ ಮಡಚಿದ್ದಾದರೆ ಮಡಿಕೆಯಲ್ಲೇ ಸೀಳುತ್ತದೆ. ತುಕ್ಕು ಹಿಡಿದ ಗುಂಡುಪಿನ್ನು ಸಲೀಸಾಗಿ ಬಂದರೆ ತೆಗೆಯಿರಿ, ಬರದಿದ್ದರೆ ಬಿಡಿ. ಅಜ್ಜಾರು ಕಟ್ಟಿದ ಕೆಂಪು ಬಟ್ಟೆ ಗಾಳಿಯಾಡಿಸುವುದರಿಂದ ಒಳ್ಳೆಯದೇ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ; ಒಳಗೊಂದು ತೊಳೆದ ಬಿಳಿ ಅರಿವೆ ಸುತ್ತಿ.

ಬ್ಲೂಪ್ರಿಂಟುಗಳ ಬಗ್ಗೆ ಒಂದು ಎಚ್ಚರ, ಏಕೆಂದರೆ ತಿಳಿದವರೂ ಇಲ್ಲಿ ತಪ್ಪುತ್ತಾರೆ. ಹಳೆಯ ಕಾಗದಕ್ಕೆ ಹುಳಿ ಅಂಶ ಶತ್ರು. ಅದಕ್ಕೆಂದು ಸುಣ್ಣದ ಅಂಶ ಸೇರಿಸಿದ ವಿಶೇಷ ಫೋಲ್ಡರುಗಳು ಬರುತ್ತವೆ. ಬೇರೆಲ್ಲ ಕಾಗದಕ್ಕೆ ಅವು ಒಳ್ಳೆಯವು. ಬ್ಲೂಪ್ರಿಂಟಿಗೆ ಮಾತ್ರ ಅವೇ ವಿಷ; ಕ್ಷಾರ ತಾಗಿದರೆ ನೀಲಿ ಮಾಸಿಹೋಗುತ್ತದೆ. ಬೆಳಕೂ ಅದಕ್ಕೆ ಆಗದು. ಅವುಗಳನ್ನು ಕ್ಷಾರ ಸೇರಿಸದ, ಹುಳಿಯೂ ಇಲ್ಲದ ಕಾಗದದಲ್ಲಿ ಬೇರೆಯಾಗಿ ಸುತ್ತಿ, ಯಾವ ಗಂಟಿನಿಂದ ತೆಗೆದಿರೋ ಅಲ್ಲಿ ಒಂದು ಚೀಟಿ ಇಡಿ.

1942ರ ಸೈಕ್ಲೋಸ್ಟೈಲ್ ಹಾಳೆಗಳು ಎಲ್ಲಕ್ಕಿಂತ ಬಡ ಕಾಗದ. ಮರದ ತಿರುಳಿನ ಆ ಕಾಗದ ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಮೊದಲು ಫೋಟೋ ತೆಗೆಯಬೇಕಾದದ್ದು ಅವುಗಳದ್ದೇ. ನೋಡುವಾಗ ಇನ್ನೊಂದು ವಿಷಯ ಗಮನಿಸಿ. 1867ರ ಮುದ್ರಣ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿಯೊಂದು ಕಾಗದದಲ್ಲೂ ಮುದ್ರಕನ ಹೆಸರು, ಮುದ್ರಣವಾದ ಊರು ಇರಬೇಕಿತ್ತು. ಏಕೀಕರಣ ಸಭೆಯ ಕರಪತ್ರದ ಬುಡದಲ್ಲಿ ಆ ಸಾಲು ಇರುತ್ತದೆ. ಆ ಕಾಲದ ಧಾರವಾಡ, ಗದಗ, ಹುಬ್ಬಳ್ಳಿಯ ಮುದ್ರಣಾಲಯಗಳ ಇತಿಹಾಸವೇ ಆ ಸಾಲುಗಳಲ್ಲಿದೆ. ಆ ಸಾಲು ಬೇಕೆಂದೇ ಬಿಟ್ಟಿದ್ದರೆ ಅದು ಬ್ರಿಟಿಷರ ಕಣ್ತಪ್ಪಿಸಿ ಭೂಗತರಾಗಿದ್ದ ಚಳವಳಿಗಾರರ ಕಾಗದ. ಅದನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೇ ಜೈಲಿಗೆ ಹೋಗಬಹುದಿತ್ತು. ಅಜ್ಜಾರು ಇಟ್ಟುಕೊಂಡಿದ್ದರು.

ಇನ್ನು ಕಾನೂನು. ಮೊದಲನೆಯದು, ಟ್ರಂಕುಗಳು ಯಾರವು? ಅಜ್ಜಾರು ಮರಣಪತ್ರ ಬರೆದಿಡದಿದ್ದರೆ ಎಲ್ಲ ವಾರಸುದಾರರಿಗೂ ಅದರಲ್ಲಿ ಪಾಲಿದೆ, ಕಾಕಾ ಅವರಿಗೂ. ದಾನಪತ್ರಕ್ಕೆ ಎಲ್ಲರ ಸಹಿ ಬೇಕು, ಇಲ್ಲದಿದ್ದರೆ ನಾಳೆ ಸಂಸ್ಥೆಗೂ ನಿಮಗೂ ತೊಂದರೆ. ಚರಾಸ್ತಿಯ ದಾನಕ್ಕೆ ನೋಂದಣಿ ಕಡ್ಡಾಯವಲ್ಲ, ವಸ್ತುವನ್ನು ಒಪ್ಪಿಸಿದರೂ ಸಾಕು, ಆದರೂ ಬರಹದಲ್ಲಿರಲಿ. ಎರಡನೆಯದು ನಿಮ್ಮ ತಮ್ಮನ ವಿಚಾರ. 1972ರ ಪುರಾವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಐತಿಹಾಸಿಕ ವಸ್ತು, 75 ವರ್ಷ ದಾಟಿದ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆ ಪುರಾವಸ್ತು. ಅದನ್ನು ಖಾಸಗಿ ವ್ಯಕ್ತಿ ದೇಶದ ಹೊರಗೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಸುರುಳಿ ಸುತ್ತಿ ಒಯ್ದರೂ ಅದು ಅಪರಾಧವೇ. ತಮ್ಮನಿಗೆ ಪ್ರೀತಿ ಇದ್ದರೆ ಒಳ್ಳೆಯ ಬಣ್ಣದ ಪ್ರತಿ ಮಾಡಿಸಿಕೊಡಿ, ಮೂಲ ಇಲ್ಲಿರಲಿ. ಮೂರನೆಯದು ಪತ್ರಗಳು. ಅಜ್ಜಾರಿಗೆ ಬಂದ ಪತ್ರದ ಕಾಗದ ನಿಮ್ಮದು, ಅದರ ಬರಹದ ಹಕ್ಕು ಬರೆದವರದ್ದು ಅಥವಾ ಅವರ ಮಕ್ಕಳದ್ದು. ದಾನ ಕೊಡಲು ಅಡ್ಡಿಯಿಲ್ಲ, ಪ್ರಕಟಿಸುವಾಗ ನೆನಪಿರಲಿ. ತೆರಿಗೆ ವಿನಾಯಿತಿಗಾಗಿ ಕಾಯಬೇಡಿ: ಆದಾಯ ತೆರಿಗೆಯಲ್ಲಿ ಹಣದ ದಾನಕ್ಕಿರುವ ವಿನಾಯಿತಿ ವಸ್ತುರೂಪದ ದಾನಕ್ಕೆ ಸಿಗುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದು ನಿಮ್ಮ ಮೂಲ ಪ್ರಶ್ನೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಖಾಸಗಿಯವರಿಂದ ಐತಿಹಾಸಿಕ ದಾಖಲೆಗಳನ್ನು ದಾನವಾಗಿ ಪಡೆಯಲು 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯಲ್ಲೇ ಅವಕಾಶವಿದೆ. ನಿಮ್ಮ ಊರಿನಲ್ಲೇ 1890ರ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ, 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಇದೆ. ನನ್ನ ಮನಸ್ಸು ಧಾರವಾಡದ ಕಡೆಗೇ ವಾಲುತ್ತದೆ. ಏಕೀಕರಣದ ಕಾಗದಗಳನ್ನು ಕೇಳಿಕೊಂಡು ಬರುವ ಓದುಗರು ಅಲ್ಲಿದ್ದಾರೆ. ಕಾಗದದಲ್ಲಿ ಬರುವ ಓಣಿ, ಮನೆತನ, ಮುದ್ರಣಾಲಯದ ಹೆಸರು ಗುರುತಿಸುವವರೂ ಅಲ್ಲೇ ಸಿಗುತ್ತಾರೆ. ಆದರೆ ಹೆಸರು ನೋಡಿ ನಿರ್ಧರಿಸಬೇಡಿ, ಹೋಗಿ ಕಣ್ಣಾರೆ ನೋಡಿ. ನಕ್ಷೆಗಳನ್ನು ಚಪ್ಪಟೆಯಾಗಿ ಇಡುವ ಅಗಲದ ಖಾನೆಗಳಿವೆಯೇ? ಮಳೆಗಾಲದಲ್ಲಿ ಆ ಕೋಣೆಯ ಗೋಡೆ ಹೇಗಿರುತ್ತದೆ? ಹಿಂದೆ ಯಾರೋ ಕೊಟ್ಟ ಸಂಗ್ರಹವೊಂದನ್ನು ತೋರಿಸಿ ಎಂದು ಕೇಳಿ. ಅರ್ಧ ಗಂಟೆಯೊಳಗೆ ಯಾದಿಯ ಸಮೇತ ತಂದು ತೋರಿಸಿದರೆ ಅದು ಸರಿಯಾದ ಜಾಗ. ಕಪಾಟಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಅವರವರೇ ಕೇಳಿಕೊಳ್ಳತೊಡಗಿದರೆ ಕೈಮುಗಿದು ಎದ್ದು ಬನ್ನಿ.

ದಾನಪತ್ರದಲ್ಲಿ ಏನಿರಬೇಕು? ಸಂಗ್ರಹ ಅಜ್ಜಾರ ಹೆಸರಿನಲ್ಲಿ ಒಂದಾಗಿಯೇ ಇರಬೇಕು. ಯಾದಿ ಅದರ ಭಾಗವಾಗಿರಬೇಕು, ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಬೇಕು. ಸಂಸ್ಥೆಗೆ ಮುಂದೊಂದು ದಿನ ಯಾವುದಾದರೂ ಬೇಡವಾದರೆ ಮೊದಲು ಮನೆಯವರನ್ನು ಕೇಳಬೇಕು, ಆಮೇಲೆ ಬೇರೊಂದು ಸಾರ್ವಜನಿಕ ಸಂಸ್ಥೆಗೆ ಕೊಡಬೇಕು. ಮಾರಬಾರದು, ರದ್ದಿಗೆ ಹಾಕಬಾರದು. ಮನೆಯ ತೀರ ಖಾಸಗಿ ಪತ್ರಗಳಿದ್ದರೆ ಅವುಗಳಿಗೆ ಮಾತ್ರ ಇಂತಿಷ್ಟು ವರ್ಷ ತೆರೆಯಬಾರದೆಂದು ಅವಧಿ ಹಾಕಿ. ಇದಕ್ಕಿಂತ ಹೆಚ್ಚು ಷರತ್ತು ಹಾಕಬೇಡಿ. ಬೇರೆ ಕೋಣೆ ಬೇಕು, ಅಜ್ಜಾರ ಫೋಟೋ ತೂಗುಹಾಕಬೇಕು, ಮನೆಯವರ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸಬಾರದು ಎಂದೆಲ್ಲ ಬರೆಸಿದರೆ ಸಂಗ್ರಹ ಮತ್ತೊಂದು ಅಟ್ಟವನ್ನು ಸೇರುತ್ತದೆ, ಅಷ್ಟೇ.

ನಿಮ್ಮ ಮಗನ ಮಾತನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅರ್ಧ ಅವನದೂ ಸರಿ. ಸ್ಕ್ಯಾನ್ ಬೇಕು, ಕೊಡುವ ಮೊದಲೇ ಬೇಕು. ಕಾಗದವನ್ನು ಎಳೆದುಕೊಳ್ಳುವ ಯಂತ್ರಕ್ಕೆ ಮಾತ್ರ ಯಾವುದನ್ನೂ ಹಾಕದಿರಲಿ. ಮೇಲಿನಿಂದ ಕ್ಯಾಮೆರಾ ಹಿಡಿದು ತೆಗೆಯಲಿ, ಹಿಂಬದಿಯನ್ನೂ ತೆಗೆಯಲಿ, ಪಕ್ಕದಲ್ಲಿ ಅಳತೆಪಟ್ಟಿ ಇಡಲಿ, ಫೈಲಿಗೆ ಯಾದಿಯ ಅಂಕಿಯನ್ನೇ ಹೆಸರಾಗಿ ಕೊಡಲಿ. ಹಳೆಯ ನಕ್ಷೆಯ ಚಿತ್ರವನ್ನು ಇಂದಿನ ನಕ್ಷೆಯ ಮೇಲೆ ಬಿಂದುಬಿಂದುವಾಗಿ ಕೂಡಿಸುವ ತಂತ್ರಾಂಶ ಈಗ ಉಚಿತವಾಗಿ ಸಿಗುತ್ತದೆ. ಅಜ್ಜಾರ ಹಾಳೆಗಳಲ್ಲಿ ಸವದತ್ತಿ, ಬಾಗಲಕೋಟೆ ಕಡೆಯದೊಂದಿದ್ದರೆ ಮಲಪ್ರಭೆ, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ನೆಲ, ದಾರಿ, ಓಣಿ ಅವನ ಪರದೆಯ ಮೇಲೆ ಮತ್ತೆ ಎದ್ದು ಬರುತ್ತವೆ. ಒಮ್ಮೆ ಅದನ್ನು ಕಂಡರೆ ಮೂಲ ಕಾಗದವನ್ನು ಎಸೆಯುವ ಮಾತನ್ನು ಅವನೇ ಬಿಡುತ್ತಾನೆ. ತಗಡಿನ ತಗ್ಗು, ಕಾಗದದ ನೀರ್ಗುರುತು, ಸೀಸದಕಡ್ಡಿ ಒತ್ತಿದ ಆಳ ಯಾವ ಚಿತ್ರದಲ್ಲೂ ಪೂರ್ತಿ ಬರುವುದಿಲ್ಲ.

ಮೋಡಿ ಕಾಗದಗಳು ಮರಾಠಿಯವು ಇರಬಹುದು, ಪೇಶ್ವೆಯರ ಕಾಲದ ಇನಾಮು, ಜಮೀನಿನ ವ್ಯವಹಾರದವೂ ಇರಬಹುದು. ಓದಲು ಬಾರದವು ಎಂದು ಬೇರೆ ಇಡಬೇಡಿ. ಯಾದಿಯಲ್ಲಿ ‘ಮೋಡಿ, ಇಷ್ಟು ಹಾಳೆ, ಇಂಥ ನಕ್ಷೆಯ ಮಡಿಕೆಯಲ್ಲಿತ್ತು’ ಎಂದಷ್ಟು ಬರೆದರೆ ಸಾಕು. ಓದುವವರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ಮನೆ ಮಾರುವ ಕರಾರಿನಲ್ಲಿ ತಿಂಗಳು ಎರಡು ತಿಂಗಳು ಹೆಚ್ಚು ಕೇಳಿ. ಮೊದಲ ಟ್ರಂಕಿನ ಯಾದಿ ಮುಗಿದ ಮೇಲೆ ಅದರ ಪ್ರತಿಯನ್ನೂ ಆ ನೀಲಿ ಹಾಳೆಗಳ ಮೂಲೆಗಳ ಫೋಟೋವನ್ನೂ ನನಗೆ ಕಳಿಸಿ. ಮನವಿಗೆ ಯಾವುದು ಜೋಡಿ ಎಂದು ಕೂಡಿಯೇ ನೋಡೋಣ.